ತಂಗಿಯ ಕೋಣೆಯಲ್ಲಿ ಸೌದೆ

ನವೆಂಬರ್ 3, ಭಾನುವಾರ

ಸೌದೆ ಬಂತು. ಈ ಸಲ ಎರಡು ಗಾಡಿ ತರಿಸಿದೆ. ಮರದಂಗಡಿಯವನು ಇಳಿಸುತ್ತಾ, "ಒಬ್ಬರಿಗೆ ಇಷ್ಟೊಂದು ಯಾಕಮ್ಮಾ?" ಅಂದ. "ಚಳಿ ಏನು ಒಬ್ಬರಿಗೆ ಅರ್ಧ, ಇಬ್ಬರಿಗೆ ಪೂರ್ತಿ ಅಂತ ಲೆಕ್ಕ ಹಾಕಿ ಬರುತ್ತಾ?" ಅಂದೆ. ಬಾಯಿ ಮುಚ್ಚಿಕೊಂಡು ಇಳಿಸಿದ.

ತಂಗಿ ಇದ್ದಾಗ ಸೌದೆಯ ಕಾರುಬಾರೆಲ್ಲ ಅವಳದೇ. ಹಿತ್ತಲಿನ ತಗಡಿನ ಮಾಡಿನ ಕೆಳಗೆ ಪೇರಿಸಿ, ದಿನಕ್ಕೊಂದು ಬುಟ್ಟಿ ಮಾತ್ರ ಒಳಗೆ ತರುತ್ತಿದ್ದಳು. ಒಂದು ತುಂಡು ಜಾಸ್ತಿ ತಂದರೂ ಗೊಣಗುತ್ತಿದ್ದಳು. ಈಗ ಈ ಮನೆಗೆ ನಾನೇ ರಾಣಿ, ನಾನೇ ಪ್ರಜೆ. ಮಂಡಿ ನೋವು ಇಟ್ಟುಕೊಂಡು ಆ ಚಳಿಯಲ್ಲಿ ಹಿತ್ತಲಿಗೆ ಯಾರು ಓಡಾಡುತ್ತಾರೆ? ಅವಳ ಕೋಣೆ ಸುಮ್ಮನೆ ಬಿದ್ದಿದೆ. ಮಂಚವನ್ನು ಗೋಡೆಗೆ ನಿಲ್ಲಿಸಿ, ಅಷ್ಟೂ ಸೌದೆಯನ್ನು ಅಲ್ಲೇ ಪೇರಿಸಿದೆ. ಮಧ್ಯಾಹ್ನವೆಲ್ಲ ಅದೇ ಕೆಲಸ. ಕಿಟಕಿಯ ಅರ್ಧದವರೆಗೆ ಬಂದಿದೆ.

ಕೋಣೆ ತುಂಬಿದ ಮೇಲೆ ಮನೆ ನೋಡುವುದಕ್ಕೆ ಸ್ವಲ್ಪ ಚೆನ್ನಾಗಿದೆ. ಬಾಗಿಲ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸುವ ಕೆಲಸವಿಲ್ಲ.

ನವೆಂಬರ್ 10, ಭಾನುವಾರ

ತಂಗಿ ಫೋನ್ ಮಾಡಿದ್ದಳು. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಮಾಡೇ ಮಾಡುತ್ತಾಳೆ. ತಿಂಡಿ ಆಯ್ತಾ, ಮಂಡಿ ಹೇಗಿದೆ, ನಮ್ಮ ಮನೆಗೆ ಯಾವಾಗ ಬರ್ತೀಯ. ನನ್ನ ಉತ್ತರವೂ ಪ್ರತಿವಾರ ಅದೇ: ಆಯ್ತು, ಇದೆ, ನೋಡೋಣ.

"ನಮ್ಮ ಮನೆ" ಅನ್ನುತ್ತಾಳೆ. ಜುಲೈವರೆಗೆ ನಮ್ಮ ಮನೆ ಅಂದರೆ ಇದಾಗಿತ್ತು. ನಲವತ್ತೇಳನೇ ವಯಸ್ಸಿನಲ್ಲಿ ಕನ್ನಡಕ ಮಾಡಿಸೋದಕ್ಕೆ ಅಂತ ಹೋದವಳು ಗಂಡನನ್ನೇ ಮಾಡಿಕೊಂಡು ಬಂದಳು! ಅವನದು ಬಸ್ಸಿನಲ್ಲಿ ಎರಡು ಗಂಟೆ ದೂರದ ಊರು. ಕೆಳಗೆ ಕನ್ನಡಕದಂಗಡಿ, ಮೇಲೆ ಮನೆ. ಆ ಮನೆ ನಾನು ನೋಡಿಲ್ಲ, ಅವಳು ಹೇಳಿದ್ದು. ಒಳ್ಳೆಯವನೇ ಇರಬಹುದು. ಅವನು ಕೆಟ್ಟವನಾಗಿದ್ದರೆ ನನಗೆ ಬೈಯುವುದಕ್ಕಾದರೂ ಅನುಕೂಲವಾಗುತ್ತಿತ್ತು.

ಸೌದೆಯ ವಿಷಯ ಅವಳಿಗೆ ಹೇಳಲಿಲ್ಲ.

ನವೆಂಬರ್ 19

ಸಂಜೆ ಕೆಲಸದಿಂದ ಬಂದು ಒಲೆ ಹಚ್ಚಿ, ಕಾಲು ಚಾಚಿ ಕೂತಿದ್ದೆ. ತಂಗಿಯ ಕೋಣೆಯಿಂದ ಸದ್ದು. ಕರ್ರ್... ಕರ್ರ್... ಸ್ವಲ್ಪ ನಿಲ್ಲುವುದು, ಮತ್ತೆ ಕರ್ರ್. ಕೂತಲ್ಲಿಂದಲೇ, "ಏನೇ ಅದು, ಹಲ್ಲು ಕಡೀತಿದ್ದೀಯಾ?" ಅಂದೆ. ಅಂದ ಮೇಲೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಸದ್ಯ. ಯಾರಿದ್ದಾರೆ ಕೇಳಿಸಿಕೊಳ್ಳುವುದಕ್ಕೆ!

ಎದ್ದು ಹೋಗಿ ಸೌದೆಗೆ ಕಿವಿಯಿಟ್ಟೆ. ಮರದೊಳಗಿಂದಲೇ ಬರುತ್ತಿದೆ. ನೆಲದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಸಣ್ಣ ಪುಡಿ. ಗುಡಿಸಿದೆ. ಊಟ ಮಾಡಿ ಬಂದು ನೋಡಿದರೆ ಮತ್ತೆ ಅಷ್ಟೇ ಪುಡಿ.

ನವೆಂಬರ್ 21

ಇವತ್ತು ಬಟ್ಟೆ ಮಡಚುವಾಗ ವಟವಟಮ್ಮನಿಗೆ ಹುಳದ ವಿಷಯ ಹೇಳಿದೆ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹನ್ನೊಂದು ವರ್ಷದಿಂದ ನನ್ನ ಎದುರಿಗೆ ನಿಂತು ಹಾಸಿಗೆ ಬಟ್ಟೆಯ ಆ ತುದಿ ಹಿಡಿಯುವವಳು ಅವಳು. ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ನೆನಪಿರಬೇಕು. ಎಳೆಯುತ್ತೇವೆ, ಒದರುತ್ತೇವೆ, ಹತ್ತಿರ ಬರುತ್ತೇವೆ, ನಾನು ತುದಿ ಕೊಡುತ್ತೇನೆ, ದೂರ ಹೋಗುತ್ತೇವೆ. ಹತ್ತಿರ ಬಂದಾಗೊಮ್ಮೆ ಅವಳು ಒಂದು ಮಾತು ಎಸೆಯುತ್ತಾಳೆ.

"ಹುಳಾನಾ? ಅಯ್ಯೋ, ಮನೇನೇ ತಿಂದು ತೇಗ್ತವೆ ಕಣೇ!"

ದೂರ ಹೋದಳು. ಬಂದಳು.

"ನಮ್ಮ ಚಿಕ್ಕಪ್ಪನ ಮನೆ ಬಾಗಿಲು ತಳ್ಳಿದ್ರೆ ಕೈ ಒಳಗೇ ಹೋಯ್ತು!"

ದೂರ ಹೋದಳು. ಬಂದಳು.

"ಔಷಧಿ ಹೊಡಿ. ಒಂದನ್ನೂ ಬಿಡ್ಬೇಡ."

ನನ್ನ ತಲೆಯೊಳಗೂ ಹುಳ ಬಿಟ್ಟು ಮನೆಗೆ ಹೋದಳು.

ಮನೆಯಲ್ಲಿ ನನ್ನ ಹಾಸಿಗೆ ಬಟ್ಟೆಯನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಒಬ್ಬಳೇ ಮಡಚಿದೆ. ವಕ್ರವಾಯಿತು. ಬೇರೆಯವರು ಹೀಗೆ ಮಡಚಿದ್ದರೆ ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದೆ. ಹಾಗೇ ಬೀರುವಿಗೆ ತುರುಕಿದೆ.

ನವೆಂಬರ್ 24, ಭಾನುವಾರ

ಬೆಳಗ್ಗೆಯೇ ಎರಡು ಅನಾಹುತ.

ಮೊದಲನೆಯದು: ಕಿಟಕಿಯ ಗಾಜಿನ ಮೇಲೆ ಒಂದು ಜೀರುಂಡೆಯಂಥದ್ದು. ಬೂದು ಮೈ, ಮೈಗಿಂತ ಉದ್ದ ಮೀಸೆ. ಆ ಮೀಸೆಯನ್ನು ಅತ್ತಿತ್ತ ಆಡಿಸುತ್ತಾ, ಬಾಡಿಗೆ ಮನೆ ನೋಡಲು ಬಂದವನ ಹಾಗೆ ಕೋಣೆಯನ್ನೆಲ್ಲ ಪರಿಶೀಲಿಸುತ್ತಿತ್ತು. ಚಪ್ಪಲಿಯಲ್ಲಿ ಒಂದು ಕೊಟ್ಟೆ. ಇನ್ನೊಂದು ಸೌದೆಯ ಮೇಲಿತ್ತು. ಅದಕ್ಕೂ ಕೊಟ್ಟೆ.

ಎರಡನೆಯದು ಫೋನು. "ಅಕ್ಕಾ, ಮುಂದಿನ ತಿಂಗಳು ಇವರು ಯಾವುದೋ ಹೊಸ ಮೆಷಿನ್ ಕಲಿಯೋಕೆ ಹೋಗ್ತಾರೆ. ಒಂದು ವಾರ ನಾನು ಅಲ್ಲಿಗೇ ಬರ್ತೀನಿ. ನನ್ನ ಹಾಸಿಗೇನ ಸ್ವಲ್ಪ ಬಿಸಿಲಿಗೆ ಹಾಕಿರ್ತೀಯಾ?"

ಸಂತೋಷವಾಯಿತು. ನಿಜ ಬರೆಯುವುದಾದರೆ, ಅಂಗಳದಲ್ಲಿ ಬಿಸಿಲು ಎಲ್ಲಿದೆ ಅಂತ ಆಗಲೇ ಕಿಟಕಿಯಾಚೆ ನೋಡಿದೆ. ಆದರೆ ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ?

"ನಿನ್ನ ಕೋಣೆಯಲ್ಲಿ ಸೌದೆ ಇದೆ" ಅಂದೆ.

"ಸೌದೆನಾ? ಎಷ್ಟು?"

"ಕೋಣೆ ತುಂಬ."

"ಮತ್ತೆ ನಾನು ಬಂದ್ರೆ?"

"ನೀನು ಬರ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ? ಹೋದವರ ಕೋಣೇನ ದಿನಾ ಗುಡಿಸಿಕೊಂಡು ಕೂತಿರ್ಬೇಕಿತ್ತಾ?"

"ಸರಿ ಅಕ್ಕ" ಅಂದಳು. ಇಟ್ಟಳು.

ತಿರುಗಿ ಫೋನ್ ಮಾಡಬಹುದಿತ್ತು. ಫೋನಿನ ಪಕ್ಕದಲ್ಲೇ ಕೂತಿದ್ದೆ.

ನವೆಂಬರ್ 25

ಕೆಲಸ. ಊಟ. ಏಳು ಹುಳ ಸಿಕ್ಕಿದವು.

ಡಿಸೆಂಬರ್ 1, ಭಾನುವಾರ

ಹತ್ತು ಗಂಟೆಗೆ ಫೋನ್ ಬರಲಿಲ್ಲ. ಹಾಳಾಗಿದೆಯೇನೋ ಅಂತ ಬಟನ್ ಒತ್ತಿ ನೋಡಿದೆ. ಚೆನ್ನಾಗೇ ಇದೆ.

ಹನ್ನೊಂದಕ್ಕೂ ಬರಲಿಲ್ಲ. ಮಧ್ಯಾಹ್ನ ಅನ್ನ ಸೀದುಹೋಯಿತು.

ಇಪ್ಪತ್ತು ವರ್ಷ ಒಟ್ಟಿಗಿದ್ದೆವು. ಎಷ್ಟು ಜಗಳ! ಉಪ್ಪಿಗೆ, ಸೋಪಿಗೆ, ಕಿಟಕಿ ತೆರೆದರೆ, ಮುಚ್ಚಿದರೆ. ಮಾತು ಬಿಟ್ಟರೂ ಒಂದೇ ಮನೆಯೊಳಗೆ ಬಿಡುತ್ತಿದ್ದೆವು. ಪಾತ್ರೆ ಕುಕ್ಕಿದ ಸದ್ದಿನಲ್ಲೇ ಅವಳ ಸಿಟ್ಟು ಇಳಿಯಿತೋ ಇಲ್ಲವೋ ಗೊತ್ತಾಗುತ್ತಿತ್ತು. ಎರಡು ಗಂಟೆ ದೂರದಿಂದ ಮಾತು ಬಿಟ್ಟರೆ ಹೇಗೆ ತಿಳಿಯುವುದು? ಅವಳು ಇನ್ನು ಫೋನ್ ಮಾಡುವುದೇ ಇಲ್ಲವೇನೋ ಅಂತ ಭಯವಾಗುತ್ತಿದೆ.

ಹುಳಗಳದ್ದು ಮಾತ್ರ ಒಂದೇ ಸಮ ಕರಕರ. ಬೇಸರವಾಗಿ ಬಾಗಿಲು ಹಾಕಿದೆ. ಸ್ವಲ್ಪ ಹೊತ್ತಿಗೆ ಮನೆ ತೀರಾ ಸುಮ್ಮನಾಯಿತು. ಎದ್ದು ಹೋಗಿ ತೆರೆದೆ.

ಡಿಸೆಂಬರ್ 3

ಇನ್ನು ಆಗದು. ಇವತ್ತು ನನ್ನ ಚಹಾದ ಲೋಟದ ಅಂಚಿನ ಮೇಲೇ ಒಬ್ಬ ಮೀಸೆಯವನು ಕೂತಿದ್ದ. ಇದೆಲ್ಲಕ್ಕೂ ಈ ಹುಳಗಳೇ ಕಾರಣ ಅನ್ನಿಸಿ ಮೈಯೆಲ್ಲ ಉರಿಯಿತು. ಇವು ಇಲ್ಲದಿದ್ದರೆ ನನಗೆ ನಿದ್ದೆ ಸರಿಯಾಗಿರುತ್ತಿತ್ತು, ನಿದ್ದೆ ಸರಿಯಾಗಿದ್ದರೆ ಅವತ್ತು ಬಾಯಿ ಹಾಗೆ ಆಡುತ್ತಿರಲಿಲ್ಲ.

ಅಂಗಡಿಯಿಂದ ಹುಳದ ಔಷಧಿಯ ದೊಡ್ಡ ಡಬ್ಬಿ ತಂದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಂದುಗೊಂದೆಲ್ಲ ಬಿಡದೆ ಹೊಡೆದೆ. ಡಬ್ಬಿ ಖಾಲಿ. ಸೌದೆ ಸ್ನಾನ ಮಾಡಿದ ಹಾಗೆ ತೊಯ್ದುಹೋಯಿತು. ವಾಸನೆ ಹೊರಗೆ ಹೋದರೆ ಔಷಧಿಯ ಸತ್ವ ಹೋದೀತು ಅಂತ ಕಿಟಕಿಗಳನ್ನೆಲ್ಲ ಹಾಕಿದೆ.

ಸದ್ದು ನಿಂತಿದೆ. ಗೆದ್ದೆ.

ಒಲೆಗೆ ಸೌದೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ತಲೆ ಸ್ವಲ್ಪ ಭಾರವಾಗಿದೆ.

ಡಿಸೆಂಬರ್ 5

ಅಕ್ಷರ ಸೊಟ್ಟಪಟ್ಟ ಬೀಳುತ್ತಿದೆ, ನೋಡಿ ನಗು ಬರುತ್ತದೆ.

ಆ ಔಷಧಿ ಕುಡಿದ ಸೌದೆಯನ್ನೇ ಒಲೆಗೆ ಹಾಕಿದ್ದೆನಲ್ಲ. ಒಲೆಯ ಬಾಯಿಂದ ಹಳದಿ ಹೊಗೆ. ಕಣ್ಣು ಕತ್ತಲೆ, ವಾಂತಿ. ಹೇಗೋ ತೆವಳಿಕೊಂಡು ಹೊರಬಾಗಿಲು ತೆರೆದು ಮೆಟ್ಟಿಲ ಮೇಲೆ ಬಿದ್ದಿದ್ದೆ. ಚಳಿಗಾಳಿಯೇ ಬದುಕಿಸಿತು. ಆಮೇಲೆ ಕಿಟಕಿಗಳನ್ನೆಲ್ಲ ತೆರೆದು, ಕಂಬಳಿ ಹೊದ್ದು ಮಲಗಿದವಳು ನಿನ್ನೆಯೆಲ್ಲ ಏಳಲಿಲ್ಲ. ಈ ಮನೆಯೊಳಗೆ ಸತ್ತಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಅಂತ ಯೋಚನೆ ಬಂದು ಅಳು ಬಂತು. ವಟವಟಮ್ಮನಿಗೆ ಗೊತ್ತಾಗುತ್ತಿತ್ತು, ಅಷ್ಟೇ. ಆ ತುದಿ ಹಿಡಿದುಕೊಂಡು ನಿಂತವಳಿಗೆ ಈ ತುದಿಯಲ್ಲಿ ಯಾರೂ ಇಲ್ಲ ಅಂತ ಗೊತ್ತಾಗಲೇಬೇಕಲ್ಲ.

ಅವಳೇ ಇವತ್ತು ಬಂದಳು. ಎರಡು ದಿನ ಕೆಲಸಕ್ಕೆ ಹೋಗದಿದ್ದಕ್ಕೆ ನೋಡಲು ಬಂದವಳು ವಾಸನೆಗೆ ಮೂಗು ಮುಚ್ಚಿಕೊಂಡಳು.

"ಉರಿಸೋ ಸೌದೆಗೆ ಔಷಧಿ ಹೊಡೀತಾರೇನೇ ಯಾರಾದ್ರೂ?"

"ಹೊಡಿ ಅಂದವಳು ನೀನೇ."

"ಹೊಡಿ ಅಂದೆ, ಹೊಡೆದು ಉರಿಸು ಅಂದ್ನಾ? ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋದು ಇದಕ್ಕೇ!"

ಬೈಯುತ್ತಲೇ ನೆಲ ಒರೆಸಿದಳು, ಗಂಜಿ ಕುಡಿಸಿದಳು. ನಾನು ಕಣ್ಣು ಮುಚ್ಚಿದ್ದಾಗ ನನ್ನ ಫೋನು ತೆಗೆದುಕೊಂಡು ಹೊರಗೆ ಹೋಗಿ ಯಾರ ಜೊತೆಗೋ ಪಿಸುಗುಟ್ಟಿದಳು. ಅವಳಿಗೆ ಪಿಸುಗುಟ್ಟಲು ಬರುವುದಿಲ್ಲ. "ನಿಮ್ಮಕ್ಕ" ಅನ್ನುವುದು ಬೀದಿಗೆಲ್ಲ ಕೇಳಿಸಿತು.

ತಡೆಯಲಿಲ್ಲ ನಾನು. ನಿದ್ದೆ ಬಂದವಳ ಹಾಗೆ ಮಲಗಿದ್ದೆ.

ಡಿಸೆಂಬರ್ 6

ಮೊದಲ ಬಸ್ಸಿಗೇ ತಂಗಿ ಬಂದಳು.

ಬಂದವಳು ನನ್ನ ಹಣೆ ಮುಟ್ಟಿ ನೋಡಿದಳು, ಕಣ್ಣು ನೋಡಿದಳು. ಕನ್ನಡಕದವನ ಸಹವಾಸ, ಕಣ್ಣನ್ನು ಸ್ವಲ್ಪ ಹೆಚ್ಚೇ ನೋಡಿದಳು. ಚೀಲ ಇಡಲು ಅಭ್ಯಾಸದ ಮೇಲೆ ನೇರ ಅವಳ ಕೋಣೆಗೆ ಹೋದಳು.

ನಾನೂ ಹಿಂದಿನಿಂದ ಎದ್ದು ಹೋದೆ. ಬಾಗಿಲಲ್ಲೇ ಚೀಲ ಹಿಡಿದುಕೊಂಡು ನಿಂತಿದ್ದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗೆ ನಿಲ್ಲಿಸಿದ್ದ ಮಂಚದ ಕಾಲು ಮಾತ್ರ ಸೌದೆಯ ಹಿಂದಿನಿಂದ ಕಾಣುತ್ತಿತ್ತು.

"ಅಕ್ಕಾ," ಅಂದಳು, "ನಾನು ಮದುವೆಯಾಗಿ ಹೋದ್ನಾ, ಸತ್ತು ಹೋದ್ನಾ?"

ಮಂಡಿ ನೋವು ಅನ್ನೋಣ ಅಂದುಕೊಂಡೆ. ಚಳಿ ಅನ್ನೋಣ ಅಂದುಕೊಂಡೆ.

"ಖಾಲಿ ಕೋಣೆ ನೋಡೋಕೆ ಆಗ್ತಿರ್ಲಿಲ್ಲ ಕಣೇ" ಅಂದೆ. "ದಿನಾ ಬೆಳಗ್ಗೆ ಎದ್ದು ನಿನಗೂ ಚಹಾ ಇಡ್ತಿದ್ದೆ. ಆಮೇಲೆ ಚೆಲ್ತಿದ್ದೆ. ಏನಾದ್ರೂ ತುಂಬಿಸ್ಬೇಕಿತ್ತು ಅದಕ್ಕೆ."

ಚೀಲ ಕೆಳಗಿಟ್ಟು ತಂಗಿ ಅತ್ತಳು. ನಾನೂ ಅತ್ತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಸೌದೆ ಬದಲು ಒಂದು ಬೆಕ್ಕು ಸಾಕಬಾರ್ದಿತ್ತಾ?" ಅಂದಳು. ಅಷ್ಟು ದಿನದ ಮೇಲೆ ಈ ಮನೆಯಲ್ಲಿ ನಗು ಕೇಳಿಸಿತು. ನನ್ನದೇ.

ನನ್ನ ಮಂಚದಲ್ಲೇ ಇಬ್ಬರೂ ಮಲಗುವುದು. ಅವಳು ಈಗಲೂ ಕಂಬಳಿ ಎಳೆದುಕೊಳ್ಳುತ್ತಾಳೆ.

ಡಿಸೆಂಬರ್ 7

ಇವತ್ತು ಸೌದೆಯನ್ನೆಲ್ಲ ಹೊರಗೆ ಸಾಗಿಸಿದೆವು. ತಂಗಿ ಮರದಂಗಡಿಯವನನ್ನು ಕರೆಸಿದ್ದಳು, ಬೈಯುವುದಕ್ಕೆ. ಹುಳ ಹಿಡಿದ ಸೌದೆ ಕೊಟ್ಟಿದ್ದೀಯ ಅಂತ ಶುರು ಮಾಡಿದಳು. ಅವನು ಒಂದು ತೊಗಟೆ ಕಿತ್ತು ಒಳಗಿನ ದಾರಿಗಳನ್ನು ತೋರಿಸಿದ.

"ಹುಳ ಇಲ್ಲದ ಸೌದೆ ಎಲ್ಲಿದೆಯಮ್ಮಾ? ಹೊರಗಿದ್ರೆ ಚಳಿಗೆ ಒಳಗೇ ಮಲಗಿರ್ತವೆ, ನಿಮ್ಮ ಪಾಡಿಗೆ ನೀವು ಉರಿಸಿಕೊಳ್ತೀರ. ಇವರು ಬೆಚ್ಚಗಿರೋ ಕೋಣೇಲಿ ಇಟ್ರು. ಬೇಸಿಗೆ ಬಂತು ಅಂದ್ಕೊಂಡು ಎದ್ದು ಬಂದಿದಾವೆ ಪಾಪ. ಅವಕ್ಕೇನು ಗೊತ್ತು?"

"ಮನೆ ತಿನ್ನಲ್ವಾ?" ಅಂದೆ.

"ಇವಕ್ಕೆ ತೊಗಟೆ ಇರೋ ಹಸಿ ಮರ ಬೇಕು. ನಿಮ್ಮ ಒಣಗಿದ ಬಾಗಿಲು ಯಾರಿಗೆ ಬೇಕು?"

ವಟವಟಮ್ಮನ ಚಿಕ್ಕಪ್ಪನ ಬಾಗಿಲು ಯಾರು ತಿಂದರೋ, ಅವಳನ್ನೇ ಕೇಳಬೇಕು. ಔಷಧಿ ತಾಗಿದ್ದನ್ನು ಒಲೆಗೆ ಹಾಕಲೇಬೇಡಿ ಅಂತ ಹೇಳಿ ಅದನ್ನೆಲ್ಲ ಹಿತ್ತಲಿನ ಮೂಲೆಯಲ್ಲಿ ಬೇರೆ ರಾಶಿ ಹಾಕಿಸಿದ. ಅಡಿಯಲ್ಲಿ ಔಷಧಿ ತಾಗದೆ ಉಳಿದದ್ದು ತಗಡಿನ ಕೆಳಗೆ ಹೋಯಿತು.

ಒಳಗಿನಿಂದ ನಾನು ಕೊಡುತ್ತಿದ್ದೆ, ಬಾಗಿಲಲ್ಲಿ ತಂಗಿ ತೆಗೆದುಕೊಳ್ಳುತ್ತಿದ್ದಳು. ಕೆಲಸದುದ್ದಕ್ಕೂ ಅವಳದು ಒಂದೇ ವರಾತ: ನಮ್ಮ ಮನೆಗೆ ಬಾ. ಒಂದು ಸಲ ಬಂದು ನೋಡು. "ಐದು ತಿಂಗಳಾಯ್ತು, ನಾನು ಹೇಗಿದ್ದೀನಿ ಅಂತ ನೋಡೋ ಮನಸ್ಸಾಗಲಿಲ್ವಾ ನಿನಗೆ?" ಮಂಡಿ ನೋವು ಅಂದೆ. "ಸೌದೆ ಹೊರೋಕೆ ಇಲ್ಲದ ನೋವು ಬಸ್ಸು ಹತ್ತೋಕೆ ಬರುತ್ತಾ?" ಅಂದಳು. ಅವಳ ಬಾಯಿ ಇತ್ತೀಚೆಗೆ ನನ್ನ ಹಾಗೇ ಆಗುತ್ತಿದೆ.

ಸಂಜೆಯ ಬಸ್ಸಿಗೆ ಹೊರಟಳು. ಇನ್ನೆರಡು ದಿನ ಇರು ಅನ್ನಬೇಕು ಅಂತ ಗಂಟಲವರೆಗೆ ಬಂತು. ಅವನೂ ಅಲ್ಲಿ ಒಬ್ಬನೇ ಊಟ ಮಾಡುತ್ತಿರಬೇಕು ಅನ್ನಿಸಿ ಸುಮ್ಮನಾದೆ.

ಡಿಸೆಂಬರ್ 11

ಕೋಣೆ ಖಾಲಿ. ಮಂಚ ಇಳಿಸಿ ಇಟ್ಟಿದ್ದೇನೆ. ಇವತ್ತು ಮೂರು ಸಲ ಒಳಗೆ ಹೋಗಿ ಬಂದೆ, ಏನೂ ಕೆಲಸವಿರಲಿಲ್ಲ.

ಔಷಧಿಗೂ ಸಿಗದೆ ಒಬ್ಬ ಮೀಸೆಯವನು ಉಳಿದುಬಿಟ್ಟಿದ್ದಾನೆ. ಕಿಟಕಿಯ ಹತ್ತಿರ ಬಿಸಿಲು ಬಿದ್ದಲ್ಲಿ ಕೂತಿದ್ದ. ಚಪ್ಪಲಿ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ಹೊರಗೆ ಬಿಟ್ಟರೆ ಈ ಚಳಿಗೆ ಸಾಯುತ್ತಾನೆ, ಒಳಗಿದ್ದರೂ ಇವನಿಗೆ ಇಲ್ಲಿ ಯಾರಿದ್ದಾರೆ? ತಪ್ಪು ಹೊತ್ತಿನಲ್ಲಿ ಎಬ್ಬಿಸಿದವಳು ನಾನು. ಒಂದು ತೊಗಟೆಯ ಚೂರು ತಂದು ಪಕ್ಕದಲ್ಲಿಟ್ಟೆ. "ಇರು ಮಾರಾಯ, ಎಷ್ಟು ದಿನ ಇರ್ತೀಯೋ ಅಷ್ಟು ದಿನ" ಅಂದೆ.

ವಟವಟಮ್ಮನಿಗೆ ಭಾನುವಾರ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದೆ. ಸುಮ್ಮನೆ ಕೇಳಿದ್ದು.

ಡಿಸೆಂಬರ್ 15, ಭಾನುವಾರ

ಹೇಳದೆ ಕೇಳದೆ ಹೋದೆ. ಹೇಳಿದರೆ ಆಮೇಲೆ ಹೋಗಲೇಬೇಕಾಗುತ್ತದೆ, ಅದಕ್ಕೆ.

ಕನ್ನಡಕದವನು ಅಂಗಡಿಯ ಬಾಗಿಲಲ್ಲೇ ಇದ್ದ. ನನ್ನನ್ನು ನೋಡಿ ಅವನ ಕನ್ನಡಕವೇ ಮೂಗಿನಿಂದ ಜಾರಿತು. ಮೇಲಕ್ಕೆ ನೋಡಿ, "ಬಂದ್ರು! ಬಂದ್ರು ಕಣೇ!" ಅಂತ ಕೂಗಿದ. ಬೀದಿಯವರೆಲ್ಲ ತಿರುಗಿ ನೋಡಿದರು. ಇವನೂ ವಟವಟಮ್ಮನ ಜಾತಿಯೇ.

ತಂಗಿ ಮೆಟ್ಟಿಲಿಳಿದು ಓಡಿಬಂದು ಕೈ ಹಿಡಿದುಕೊಂಡಳು. ಮನೆ ತೋರಿಸಿದಳು. ಅಡುಗೆಮನೆ ಚಿಕ್ಕದು. ನಡುಮನೆಗೆ ಬೆಳಕು ಚೆನ್ನಾಗಿದೆ. ಅವರ ಕೋಣೆ. ಅದರ ಪಕ್ಕದಲ್ಲಿ ಇನ್ನೊಂದು ಬಾಗಿಲು. ಹಾಲು ಉಕ್ಕಿದ ಸದ್ದಿಗೆ ತಂಗಿ ಅಡುಗೆಮನೆಗೆ ಓಡಿದಳು. ಬಾಗಿಲು ಅವನು ತೆರೆದ.

ಸಣ್ಣ ಕೋಣೆ. ಕಿಟಕಿ, ಒಂದು ಮಂಚ. ಮಂಡಿ ನೋವಿನವರು ಕೂತು ಏಳುವುದಕ್ಕೆ ಆಗುವಷ್ಟು ಎತ್ತರದ ಮಂಚ. ಹಾಸಿಗೆ ಹಾಸಿದೆ, ಬೇರೆ ಒಂದು ಸಾಮಾನೂ ಇಲ್ಲ. ಉಳಿದ ಮನೆಯಲ್ಲಿ ಕನ್ನಡಕದ ಪೆಟ್ಟಿಗೆಗಳನ್ನು ಇಡಲು ಜಾಗವಿಲ್ಲದೆ ಮೆಟ್ಟಿಲ ಮೇಲೂ ಪೇರಿಸಿದ್ದಾರೆ.

"ಇದು ಯಾರ ಕೋಣೆ?" ಅಂದೆ.

"ನಿಮ್ಮದೇ ಅಲ್ವಾ?" ಅಂದ. "ಇವಳು ಮದುವೆಯಾಗಿ ಬಂದ ದಿನವೇ ಹಾಸಿದ್ದು. ನನ್ನ ತಮ್ಮ ಬಂದಾಗ ಪಾಪ, ಅಂಗಡಿ ಬೆಂಚಿನ ಮೇಲೆ ಮಲಗಿದ್ದ. ಒಂದು ರಾತ್ರಿಗೆ ಇದನ್ನ ಕೊಡೇ ಅಂದ್ರೆ, ಅದು ಅಕ್ಕಂದು ಅಂದಳು. ಅಕ್ಕ ಬರಲ್ಲ ಅಂತಾರಲ್ಲೇ ಅಂದೆ. ಬರದೇ ಇದ್ರೂ ಅದು ಅಕ್ಕಂದೇ ಅಂದಳು."

ಮಂಚದ ಮೇಲೆ ಕೂತೆ. ಅವನು ಒಳ್ಳೆಯವನು, ನೀರು ತರ್ತೀನಿ ಅಂತ ನೆಪ ಹೇಳಿ ಬಾಗಿಲು ಮುಂದೆ ಮಾಡಿಕೊಂಡು ಹೋದ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ.

ಆಮೇಲೆ ಅಡುಗೆಮನೆಗೆ ಹೋಗಿ, "ಮನೆಗೆ ಬಂದ ಮೈದುನನ್ನ ಬೆಂಚಿನ ಮೇಲೆ ಮಲಗಿಸ್ತಾರೇನೇ? ಬುದ್ಧಿ ಇದೆಯಾ ನಿನಗೆ?" ಅಂತ ಬೈದೆ. ಅವಳು ತಿರುಗಿಯೂ ನೋಡದೆ, "ಚಹಾಕ್ಕೆ ಸಕ್ಕರೆ ಎಷ್ಟು ಅಂತ ಹೇಳು, ನಿನ್ನದು ಮರೆತೇಹೋಗಿದೆ" ಅಂದಳು. ಸುಳ್ಳು. ಮೊದಲೇ ಹಾಕಿದ್ದಳು, ಸರಿಯಾಗಿ ಒಂದೂವರೆ ಚಮಚ.

ಐದು ಗಂಟೆಯ ಬಸ್ಸಿಗೆ ಹೊರಡುವವಳಿದ್ದೆ. ಕೈಕಾಲು ಒರೆಸಲು ಟವೆಲ್ ತೆಗೆಯೋಣ ಅಂತ ತಂಗಿ ನನ್ನ ಚೀಲ ಬಿಚ್ಚಿದಳು. ಟವೆಲ್ ಇತ್ತು. ರಾತ್ರಿ ಉಡುವ ಬಟ್ಟೆ ಇತ್ತು, ಈ ದಿನಚರಿ ಇತ್ತು, ಹಲ್ಲುಜ್ಜುವ ಬ್ರಷ್ಷೂ ಇತ್ತು. ಸಂಜೆಗೆ ವಾಪಸಾಗುವವಳು ಇದನ್ನೆಲ್ಲ ಯಾಕೆ ತುಂಬಿಕೊಂಡು ಬಂದೆನೋ, ನನಗಂತೂ ಗೊತ್ತಿಲ್ಲ. ತಂಗಿ ಬ್ರಷ್ಷನ್ನು ತೆಗೆದುಕೊಂಡು ಹೋಗಿ ಬಚ್ಚಲಮನೆಯಲ್ಲಿ ಅವರಿಬ್ಬರದರ ಪಕ್ಕ ಇಟ್ಟು ಬಂದಳು.